ಕಾಗದದ ಮೇಲೆ ಕಿಚ್ಚು

ಕೇಳುಗರೆಲ್ಲರಿಗೂ ನಮಸ್ಕಾರ. ಬೆಂಕಿಯ ಚಿತ್ರ ಬರೆಯುವುದು ಹೇಗೆಂದು ಇವತ್ತು ನೋಡೋಣ.

ಸಂಕ್ರಾಂತಿಯ ಆಸುಪಾಸಿನಲ್ಲಿ ಬೆಂಗಳೂರಿಗೂ ಬೆಂಕಿ ಕಾಯಿಸುವಷ್ಟು ಚಳಿ ಬರುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಶಿಬಿರಾಗ್ನಿಯ ಸುತ್ತ ಕೂತು ಹಾಡುತ್ತಾರೆ. ಊರಾಚೆಯ ಹಳ್ಳಿಗಳಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಅದನ್ನೇ ಚಿತ್ರ ಬರೆಯಿರಿ ಎಂದರೆ ಮಾತ್ರ ಬಹಳಷ್ಟು ಡ್ರಾಯಿಂಗ್ ಪುಸ್ತಕಗಳಲ್ಲಿ ಕಾಣುವುದು ಒಂದೇ: ಗುಣಾಕಾರದ ಚಿಹ್ನೆಯ ಹಾಗೆ ಎರಡು ಕಟ್ಟಿಗೆ, ಅದರ ಮೇಲೆ ಕೆಂಪು ತುಂಬಿದ ಮೂರು ಮೊನೆ, ಸುತ್ತಲೂ ಖಾಲಿ ಬಿಳಿ ಹಾಳೆ. ಬೆಂಕಿಯೆಂದು ಗೊತ್ತಾಗುತ್ತದೆ, ಉರಿಯುವುದಿಲ್ಲ. ಎಡವಟ್ಟಾಗಿರುವುದು ಆ ಖಾಲಿ ಜಾಗದಲ್ಲಿ. ಹಾಳೆಯ ಬಿಳುಪಿಗಿಂತ ಬೆಳ್ಳಗಿನ ಬಣ್ಣ ಯಾವ ಡಬ್ಬಿಯಲ್ಲೂ ಇಲ್ಲ. ಹಾಗಾಗಿ ಉರಿ ಬೆಳಗಬೇಕಾದರೆ ಸುತ್ತಲಿನ ಜಾಗ ಕಪ್ಪಾಗಲೇಬೇಕು.

ಒಂದು ಎ-4 ಡ್ರಾಯಿಂಗ್ ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರು, ಒಂದು ಡಬ್ಬಿ ಆಯಿಲ್ ಪೇಸ್ಟಲ್ ಅಂದರೆ ಎಣ್ಣೆ ಬೆರೆತ ಬಣ್ಣದ ಕಡ್ಡಿಗಳು, ಹಳೇ ಹತ್ತಿ ಬಟ್ಟೆಯ ಚೂರು. ಇಷ್ಟು ಸಾಕು. ಜೆರಾಕ್ಸ್ ಹಾಳೆ ಮಾತ್ರ ಬೇಡ. ಅದು 70-75 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ ತೆಳು ಹಾಳೆ, ಪೇಸ್ಟಲ್ ಎರಡು ಮೂರು ಸಲ ಉಜ್ಜುವಷ್ಟರಲ್ಲಿ ಸುಕ್ಕಾಗಿ ಹರಿಯುತ್ತದೆ. ಅವೆನ್ಯೂ ರಸ್ತೆಯ ಕಾಗದದಂಗಡಿಯಾಗಲಿ, ಶಾಲೆ ಎದುರಿನ ಬುಕ್‌ಸ್ಟಾಲ್ ಆಗಲಿ, 140 ಅಥವಾ 150 ಜಿಎಸ್‌ಎಂ ಹಾಳೆ ಕೇಳಿ. ಮೇಲ್ಮೈ ಸ್ವಲ್ಪ ತರಿತರಿಯಾಗಿದ್ದರೆ ಬಣ್ಣ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ಹಾಳೆಯನ್ನು ಉದ್ದುದ್ದ ಇಟ್ಟುಕೊಳ್ಳಿ. ಕೆಳ ಅಂಚಿನಿಂದ 9 ಸೆಂಟಿಮೀಟರ್ ಮೇಲೆ, ಮಧ್ಯದಲ್ಲಿ ಒಂದು ಚುಕ್ಕಿ. ಅದರ ಸುತ್ತ ಅಗಲ 12, ಎತ್ತರ 4 ಸೆಂಟಿಮೀಟರಿನ ಚಪ್ಪಟೆ ಅಂಡಾಕಾರ ಎಳೆಯಿರಿ. ಬರೆದುಕೊಳ್ಳುವವರಿಗೆ ಮತ್ತೊಮ್ಮೆ ಹೇಳುತ್ತೇನೆ: ಅಗಲ 12, ಎತ್ತರ 4. ಬೆಂಕಿಯ ಸುತ್ತ ಜೋಡಿಸುವ ಕಲ್ಲುಗಳು ನಿಲ್ಲುವುದು ಈ ಗೆರೆಯ ಮೇಲೆ. ಪೂರ್ತಿ ದುಂಡಗೆ ಬರೆದರೆ ಒಲೆಯನ್ನು ಮೇಲಿಂದ ಬಗ್ಗಿ ನೋಡಿದಂತಾಗುತ್ತದೆ. ಕಟ್ಟಿಗೆ, ಉರಿಗಳನ್ನು ನಾವು ಪಕ್ಕದಿಂದ ನೋಡಿದಂತೆ ಬರೆಯುತ್ತೇವೆ, ಆಗ ಎರಡಕ್ಕೂ ತಾಳೆಯಾಗುವುದಿಲ್ಲ. ಮುಂದಿನ ನಾಲ್ಕು ಕಲ್ಲು ಎರಡೂವರೆ ಸೆಂಟಿಮೀಟರ್ ಅಗಲ ಇರಲಿ, ಪಕ್ಕದವು ಚಿಕ್ಕವು, ಹಿಂದಿನವು ಒಂದೇ ಸೆಂಟಿಮೀಟರ್. ಒಂದರಂತೆ ಇನ್ನೊಂದು ಬೇಡ, ಅಲ್ಲಲ್ಲಿ ಒಂದು ಕಲ್ಲು ಪಕ್ಕದ್ದನ್ನು ಸ್ವಲ್ಪ ಮರೆಮಾಡಲಿ.

ಕಟ್ಟಿಗೆ ಮೂರು ಸಾಕು. ಎಲ್ಲಕ್ಕಿಂತ ಮುಂದಿರುವುದನ್ನು ಮೊದಲು ಬರೆಯಿರಿ, ಆಮೇಲೆ ಅದರ ಹಿಂದೆ ಹಾದುಹೋಗುವುದನ್ನು. ಹೀಗೆ ಮಾಡಿದರೆ ಮರೆಯಾಗಬೇಕಾದ ಗೆರೆಗಳನ್ನು ಅಳಿಸುವ ಗೋಜೇ ಇರುವುದಿಲ್ಲ. ಒಂದೊಂದೂ 7-8 ಸೆಂಟಿಮೀಟರ್ ಉದ್ದ, ಒಂದೂವರೆ ದಪ್ಪ. ಸ್ಕೇಲ್ ಹಿಡಿಯಬೇಡಿ, ನೆಟ್ಟಗಿನ ಗೆರೆ ಕಟ್ಟಿಗೆಯನ್ನು ಪೈಪು ಮಾಡುತ್ತದೆ. ನಮ್ಮ ಕಡೆಗಿರುವ ತುದಿಗೆ ಪುಟ್ಟ ಅಂಡಾಕಾರ, ಒಳಗೆ ಎರಡು ಸುತ್ತು, ಒಂದು ಬಿರುಕು.

ಇನ್ನು ಉರಿ. ಅದು ಕಟ್ಟಿಗೆಯ ಸಂದಿಯಿಂದ ಏಳಬೇಕು, ಮೇಲೆ ತಂದು ಕೂರಿಸಿದ ಹಾಗಿರಬಾರದು. ಬುಡ ಸ್ವಲ್ಪ ಕಿರಿದು, ಮೂರನೇ ಒಂದು ಭಾಗದಷ್ಟು ಮೇಲೆ ಹೊಟ್ಟೆ ಅಗಲ, ಆಮೇಲೆ ಬಳುಕಿ ಮೊನೆಯಾಗಬೇಕು. ನಡುವಿನ ನಾಲಗೆ 11 ಸೆಂಟಿಮೀಟರ್, ಎಡಕ್ಕೆ 7, ಬಲಕ್ಕೆ 5. ಎಲ್ಲ ನಾಲಗೆಗಳೂ ಒಂದೇ ಎತ್ತರವಾದರೆ ಚಿತ್ರ ತಾವರೆ ಹೂವಿನಂತಾಗುತ್ತದೆ. ಹೊಸಬರು ಜಾರುವುದು ಹೆಚ್ಚಾಗಿ ಇಲ್ಲೇ. ಗಾಳಿ ಒಂದೇ ಕಡೆಯಿಂದ ಬೀಸುವುದರಿಂದ ಮೊನೆಗಳೆಲ್ಲ ಒಂದೇ ದಿಕ್ಕಿಗೆ ಬಾಗಲಿ. ತುದಿಯಿಂದ ಕಳಚಿ ಹಾರಿದ ಎರಡು ಚಿಕ್ಕ ಚೂರುಗಳನ್ನು ಮೇಲೆ ಬಿಟ್ಟರೆ ಉರಿಗೆ ಚಲನೆ ಬರುತ್ತದೆ. ನೋಡಿ ಕಲಿಯಲು ಬೀದಿಯಲ್ಲಿ ತರಗೆಲೆ ಸುಡಬೇಕಿಲ್ಲ. ಬುಡ, ಹೊಟ್ಟೆ, ಮೊನೆ ಮೂರೂ ದೇವರ ಮನೆಯ ದೀಪದಲ್ಲೇ ಕಾಣುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು ನೋಡುವುದಾದರೆ ಪರದೆಯ ಮೇಲೆ ಉರಿಯನ್ನೇ ಮುಟ್ಟಿ ಬೆಳಕು ಇಳಿಸಿ, ಇಲ್ಲದಿದ್ದರೆ ಅದು ಬರೀ ಬಿಳಿ ಮಚ್ಚೆಯಾಗಿ ಬರುತ್ತದೆ.

ಬಣ್ಣ ಹಚ್ಚುವ ಮುನ್ನ ರಬ್ಬರನ್ನು ಉರಿಯ ಗೆರೆಗಳ ಮೇಲೆ ಮೆಲ್ಲಗೆ ಒತ್ತಿ ತೆಗೆದು, ಗೆರೆ ಕಂಡೂ ಕಾಣದಷ್ಟು ತಿಳಿಮಾಡಿ. ಪೆನ್ಸಿಲಿನ ಪುಡಿ ಹಳದಿಗೆ ಬೆರೆತರೆ ಕೊಳಕು ಹಸಿರು ಛಾಯೆ ಬರುತ್ತದೆ. ಉರಿಗೆ ಕಪ್ಪು ಅಂಚುಗೆರೆಯಂತೂ ಬೇಡವೇ ಬೇಡ.

ಕಟ್ಟಿಗೆಯ ಬೆಂಕಿಯ ಹಳದಿ ಬೆಳಕು ಕಾದು ಹೊಳೆಯುವ ಮಸಿಯ ಕಣಗಳದ್ದು. ಬಿಸಿ ಹೆಚ್ಚಿರುವಲ್ಲಿ ಹಳದಿ, ಆರುತ್ತಾ ಹೋದಂತೆ ಕಿತ್ತಳೆ, ಕೆಂಪು. ಆದ್ದರಿಂದ ಬುಡದ ನಡುವೆ ಹೆಬ್ಬೆರಳಗಲ ಹಾಳೆಯನ್ನು ಬಿಳಿಯಾಗಿಯೇ ಬಿಡಿ. ಅದರ ಸುತ್ತ ನಿಂಬೆ ಹಳದಿ, ಆಮೇಲೆ ಗಾಢ ಹಳದಿ, ಕಿತ್ತಳೆ, ಕೊನೆಗೆ ಅಂಚಿಗೆ ಮತ್ತು ಮೊನೆಗೆ ಮಾತ್ರ ಕೆಂಪು. ತಿಳಿ ಬಣ್ಣದಿಂದ ಗಾಢಕ್ಕೆ ಹೋಗುವುದು ಕಡ್ಡಾಯ; ಕೆಂಪಿನ ಮೇಲೆ ಹಳದಿ ತಿಕ್ಕಿದರೆ ಹಳದಿ ಕಡ್ಡಿಯೇ ಮಲಿನವಾಗುತ್ತದೆ. ಬಣ್ಣ ಬದಲಿಸುವಾಗಲೆಲ್ಲ ಕಡ್ಡಿಯ ತುದಿಯನ್ನು ಬಟ್ಟೆಗೆ ಒರೆಸಿ. ಕೈಯ ಓಟ ಯಾವಾಗಲೂ ಬುಡದಿಂದ ಮೊನೆಯ ಕಡೆಗೆ.

ಈಗ ಕತ್ತಲೆ. ತಾಳ್ಮೆ ಬೇಕಿರುವುದು ಇಲ್ಲಿ. ಉರಿಯ ಸುತ್ತ 2 ಸೆಂಟಿಮೀಟರ್ ಬಿಟ್ಟು ಉಳಿದ ಆಕಾಶಕ್ಕೆಲ್ಲ ಕಡುನೀಲಿ ಹಚ್ಚಿ. ಮೂಲೆಗಳಲ್ಲಿ ನೀಲಿಯ ಮೇಲೆ ಕಪ್ಪು. ಬಿಟ್ಟ ಜಾಗದಲ್ಲಿ ಉರಿಯ ಕಡೆ ಕಿತ್ತಳೆ, ಆಚೆ ಕಂದು ಹಾಕಿ, ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಒರೆಸುತ್ತಾ ನೀಲಿಗೆ ಸೇರಿಸಿ. ಹೊರಗಿನಿಂದ ಒಳಕ್ಕೆ ಒರೆಸಿದಿರೋ, ಕಪ್ಪು ಹಳದಿಗೆ ನುಗ್ಗಿ ಇಡೀ ಉರಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಸರಿಪಡಿಸುವುದು ಕಷ್ಟ. ಕಲ್ಲುಗಳ ಒಳಮುಖಕ್ಕೆ ಕಿತ್ತಳೆ, ನಮ್ಮತ್ತ ಇರುವ ಮುಖಕ್ಕೆ ಕಡುಕಂದು. ಮುಂದಿನ ಕಲ್ಲುಗಳು ಹೆಚ್ಚುಕಡಿಮೆ ಕಪ್ಪಗೇ ಕಾಣಬೇಕು, ಏಕೆಂದರೆ ಅವುಗಳ ಬೆಳಕು ಬಿದ್ದ ಮುಖ ನಮಗೆ ಕಾಣುವುದಿಲ್ಲ. ಹಿಂದಿನ ಕಲ್ಲುಗಳೇ ಹೊಳೆಯುವಂಥವು. ಇದೊಂದನ್ನು ಸರಿಯಾಗಿ ಮಾಡಿದರೆ ಉರಿಯ ಆಕಾರ ಸ್ವಲ್ಪ ಸೊಟ್ಟಗಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಸುತ್ತ ಜನ ಬೇಕೇ? ಮುಖ ಬರೆಯುವ ಗೊಡವೆಗೆ ಹೋಗಬೇಡಿ. ನಮಗೆ ಬೆನ್ನು ಹಾಕಿ ಕಂಬಳಿ ಹೊದ್ದು ಕೂತವರನ್ನು ಬರೆಯಿರಿ: ಒಂದು ಕಪ್ಪು ಗುಡ್ಡೆ, ಮೇಲೊಂದು ತಲೆ, ಬೆಂಕಿಯ ಕಡೆಯ ಅಂಚಿಗೆ ತೆಳ್ಳಗೆ ಕಿತ್ತಳೆ ಗೆರೆ. ನೆರಳುಗಳು ಬಿಸಿಲಿನಲ್ಲಿ ಬೀಳುವ ಹಾಗೆ ಒಂದೇ ಕಡೆ ಬೀಳುವುದಿಲ್ಲ, ಬೆಂಕಿಯಿಂದ ಎಲ್ಲ ದಿಕ್ಕಿಗೂ ಹೊರಚಾಚುತ್ತವೆ. ದೂರ ಕೂತವರ ನೆರಳು ಹೆಚ್ಚು ಉದ್ದ.

ಕಪ್ಪು ಕಾರ್ಡ್‌ಶೀಟ್ ಸಿಕ್ಕರೆ ಕತ್ತಲೆ ಬಳಿಯುವ ಶ್ರಮವೇ ತಪ್ಪುತ್ತದೆ. ಆದರೆ ಅದರ ಮೇಲೆ ನೇರವಾಗಿ ಹಳದಿ ಹಚ್ಚಿದರೆ ಹಸಿರಾಗಿ ಕಾಣುತ್ತದೆ. ಮೊದಲು ಉರಿಯ ಜಾಗಕ್ಕೆ ಬಿಳಿ ಪೇಸ್ಟಲ್ ಒತ್ತಿ ತುಂಬಿ, ಅದರ ಮೇಲೆ ಹಳದಿ, ಕಿತ್ತಳೆ. ಕಿಡಿಗಳಿಗೆ ಹತ್ತು ಹದಿನೈದು ಚುಕ್ಕಿ ಸಾಕು, ಕೆಳಗೆ ಒತ್ತಾಗಿ, ಮೇಲೆ ವಿರಳವಾಗಿ.

ಸಂಕ್ರಾಂತಿ ಕಿಚ್ಚಿನ ಚಿತ್ರಕ್ಕೆ ಹಾಳೆಯನ್ನು ಅಡ್ಡಡ್ಡ ತಿರುಗಿಸಿ. ಹುಲ್ಲಿನ ಬೆಂಕಿಯಾದ್ದರಿಂದ ಉರಿ ಅಗಲಕ್ಕೆ ಹರಡಿ ತೆಳುವಾದ ಅನೇಕ ನಾಲಗೆಗಳಾಗಿ ಏಳುತ್ತದೆ, ಹೊಗೆಯೂ ಜಾಸ್ತಿ. ಹಾರುವ ಎತ್ತು ಪೂರಾ ಕಪ್ಪು ಆಕಾರವಾಗಿದ್ದರೆ ಸಾಕು, ಹೊಟ್ಟೆಯ ಕೆಳಗೂ ಕಾಲುಗಳ ಒಳಬದಿಗೂ ಮಾತ್ರ ಕಿತ್ತಳೆ. ಕಾಮದಹನವಾದರೆ ಹಾಳೆ ಉದ್ದುದ್ದವೇ ಇರಲಿ. ಶಂಕುವಿನಾಕಾರದಲ್ಲಿ ಒರಗಿಸಿದ ಕಟ್ಟಿಗೆ, ರಾಶಿಯ ಎರಡರಷ್ಟು ಎತ್ತರದ ಉರಿ.

ಆಯಿಲ್ ಪೇಸ್ಟಲ್ ಪೂರ್ತಿ ಒಣಗುವುದೇ ಇಲ್ಲ. ಚಿತ್ರ ಮುಗಿದ ಮೇಲೆ ಬಟರ್ ಪೇಪರ್ ಮುಚ್ಚಿ, ಮೇಲೆ ಭಾರ ಹೇರದೆ ಫೈಲಿನಲ್ಲಿಡಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಬಣ್ಣ ಮೆತ್ತಗಾಗಿ ಬಟರ್ ಪೇಪರಿಗೇ ಅಂಟಿ ಬರುತ್ತದೆ.

ನಮಸ್ಕಾರ.