ಅಜ್ಜಿಯ ಮಂಡಿಗೆ ಹಿತವಾಗಿದ್ದ ವೈರು

(ಗಣೇಶ ಹಬ್ಬಕ್ಕೆ ಮುಂಚೆ ಬಂಗಾರಪೇಟೆಯಲ್ಲಿ ಪೆಂಡಾಲ್ ಹುಡುಗರಿಗೆ ಮತ್ತು ತಳ್ಳುಗಾಡಿಯವರಿಗೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ. ಬಾಗಿಲ ಪಕ್ಕ ಟೀ ಕೆಟಲ್ ಇಟ್ಟಿದ್ದಾರೆ. ಬಂದಾಗಿನಿಂದ ಅದನ್ನು ಚುಚ್ಚಿರುವ ಬೋರ್ಡಿನ ವೈರಿನ ಮೇಲೆ ನನಗೊಂದು ಕಣ್ಣು. ಅದರ ವಿಷಯ ಆಮೇಲೆ.

ಹಬ್ಬಕ್ಕೆ ಇನ್ನು ಹತ್ತು ದಿನ. ಎಕ್ಸ್‌ಟೆನ್ಷನ್ ಬೋರ್ಡನ್ನು ತಾವೇ ಮಾಡಿಕೊಳ್ಳುವವರು ಇಲ್ಲಿ ಜಾಸ್ತಿ ಇದ್ದೀರಿ. ಬಾಕ್ಸು, ಸಾಕೆಟ್ಟು, ಸ್ವಿಚ್ಚು ಎಲ್ಲಾ ಚೆನ್ನಾಗಿರುವುದೇ ತರುತ್ತೀರಿ. ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ವೈರು ಮಾತ್ರ ಅಟ್ಟದ ಮೇಲಿದ್ದದ್ದು, ಹಳೇ ಟೇಬಲ್ ಫ್ಯಾನಿನದು. ನಾನು ಬಂದಿರುವುದು ಆ ವೈರಿನ ಮೇಲೆ ದೂರು ಹೇಳುವುದಕ್ಕೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕೆಲವರು ಈ ಕಥೆ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ, ಏನೂ ಆಗುವುದಿಲ್ಲ.

ನನಗಾಗ ಇಪ್ಪತ್ತು ವರ್ಷ. ನಮ್ಮ ಬೀದಿ ಗಣಪತಿಗೆ ನಾನೇ ಎಲೆಕ್ಟ್ರಿಷಿಯನ್. 500 ವ್ಯಾಟಿನ ಹ್ಯಾಲೊಜೆನ್ ಲೈಟು ನಾಲ್ಕು ಬಾಡಿಗೆಗೆ ತಂದಿದ್ದೆವು. ಕರೆಂಟು ಎದುರು ಮನೆಯವರದು. ನನ್ನ ಹತ್ತಿರ ಇದ್ದದ್ದು 30 ಮೀಟರ್ ತೆಳ್ಳನೆಯ ಎರಡೆಳೆ ವೈರು, ಅರ್ಧ ಸ್ಕ್ವೇರಿನದು, ಅಂದರೆ ಒಳಗಿನ ತಾಮ್ರದ ಅಡ್ಡಕೊಯ್ತ ಅರ್ಧ ಚದರ ಮಿಲಿಮೀಟರ್. ದೂರ ಇದ್ದದ್ದು ಎಂಟೇ ಮೀಟರ್. ಉಳಿದದ್ದನ್ನು ಸಿಂಬೆ ಸುತ್ತಿ ಜಮಖಾನದ ಕೆಳಗೆ ತಳ್ಳಿದೆ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು!

ಭಜನೆಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಮೊದಲ ದಿನ ಸಿಂಬೆಯ ಮೇಲೇ ಕೂತರು. ಎರಡನೇ ದಿನವೂ ಅಲ್ಲೇ. ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸಿ ಕೂತರು. ಮೂರನೇ ದಿನ ನಾನೇ ಕೇಳಿದೆ, "ಅಜ್ಜಿ, ಅಲ್ಲೇ ಯಾಕೆ?"

"ಇಲ್ಲಿ ನೆಲ ಬೆಚ್ಚಗೈತೆ ಕಣಪ್ಪ. ಮಂಡಿಗೆ ಹಿತವಾಗ್ತದೆ. ಎಲ್ಲಾ ಗಣಪ್ಪನ ಮಹಿಮೆ."

ಜಮಖಾನ ಎತ್ತಿ ನೋಡಿದೆ. ವೈರಿನ ಸುತ್ತುಗಳು ಆರದ ಬೆಲ್ಲದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಜಮಖಾನದ ತಳ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಕೈಕಾಲು ತಣ್ಣಗಾಯಿತು. ಅಜ್ಜಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಗಣಪ್ಪ ಜಾಗ ಬದಲಾಯಿಸಿದ್ದಾನೆ ಅಜ್ಜಿ" ಅಂದೆ. ನೆಲ ತಣ್ಣಗಾಯಿತು ಅಂತ ಹಬ್ಬ ಮುಗಿಯುವವರೆಗೂ ಅವರಿಗೆ ನನ್ನ ಮೇಲೆ ಕೋಪ.

ಲೆಕ್ಕ ನೋಡಿ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪ್, ವೈರಿನಲ್ಲಿ ಹರಿಯುವ ಕರೆಂಟು ಅಷ್ಟು. ಆ ವೈರು ಮೂರು ನಾಲ್ಕು ಆಂಪಿಗೆ ಮಾಡಿದ್ದು. ಹೋಗಿ ಬರುವ ತಾಮ್ರ ಸೇರಿ 60 ಮೀಟರ್. ಅಷ್ಟರಲ್ಲಿ ಸುಮಾರು 150 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಸಿಂಬೆಯೊಳಗೆ. ಹಳೇ ಕಾಲದ 60ರ ಬಲ್ಬು ಎರಡು ಉರಿಸಿ ಅಜ್ಜಿಯ ಕೆಳಗೆ ಇಟ್ಟ ಹಾಗೆ! ವೈರಿನ ಮೇಲಿನ ಸಾಮಾನ್ಯ ಪಿವಿಸಿ ಪ್ಲಾಸ್ಟಿಕ್ಕು ತಡೆಯುವುದು 70 ಡಿಗ್ರಿಯವರೆಗೆ.

ಆಗ ನಾನು ಎಲ್ಲರ ಮುಂದೆ ಬೀಗಿದ್ದೆ, "ಫ್ಯೂಸ್ ಹೋಗಿಲ್ಲ, ಅಂದಮೇಲೆ ಎಲ್ಲಾ ಸರಿ ಇದೆ" ಅಂತ. ಇವತ್ತು ನೀವು ಎಂಸಿಬಿ, ಅಂದರೆ ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು, ತೋರಿಸಿ ಅದನ್ನೇ ಹೇಳುತ್ತೀರಿ. ಗೋಡೆಯ 16 ಆಂಪ್ ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. 9 ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಮ್ಮ ತೆಳು ವೈರು ಬೇಯುತ್ತಿದ್ದರೂ ಅದು ಬೀಳುವುದಿಲ್ಲ. ಎಂಸಿಬಿಗೆ ನಿಮ್ಮ ವೈರಿನ ಪರಿಚಯ ಇಲ್ಲ ಸ್ವಾಮಿ.

ಎಕ್ಸ್‌ಟೆನ್ಷನ್ ಅನ್ನೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟು ಬಂತು. ಸುಮಾರು 147 ಕಿಲೋಮೀಟರ್. ಇದಕ್ಕಿಂತ ದೊಡ್ಡ ಎಕ್ಸ್‌ಟೆನ್ಷನ್ ಪೆಂಡಾಲಿಗೆ ಬೇಕಾ? ಅಷ್ಟು ದೂರ ಹೇಗೆ ತಂದರು? ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ ಆಂಪನ್ನು ಇಳಿಸಿದರು. ಆಂಪ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಆಂಪ್ ಇಳಿದರೆ ಬಿಸಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ನಾವು ಮನೆಯಲ್ಲಿ ವೋಲ್ಟ್ ಏರಿಸುವ ಹಾಗಿಲ್ಲ. ನಮಗಿರುವ ದಾರಿ ದಪ್ಪ ತಾಮ್ರ, ಕಡಿಮೆ ಉದ್ದ.

ಅಂಗಡಿಗೆ ಹೋದಾಗ "ಎಕ್ಸ್‌ಟೆನ್ಷನ್‌ಗೆ ವೈರು ಕೊಡಿ" ಅನ್ನಬೇಡಿ. "ಒಂದೂವರೆ ಸ್ಕ್ವೇರ್, ತ್ರೀ ಕೋರ್, ರೌಂಡ್ ಕೇಬಲ್, ತಾಮ್ರದ್ದು" ಅನ್ನಿ. ಲೈಟು, ಆಂಪ್ಲಿಫೈಯರು, ಮಿಕ್ಸಿಗೆಲ್ಲ ಅದು ಸಾಕು. 16 ಆಂಪಿನ ದಪ್ಪ ಪಿನ್ನು ಹಾಕುವುದಾದರೆ 2.5 ತನ್ನಿ. 0.75 ಫ್ಯಾನಿಗೆ, ಟಿವಿಗೆ ಸರಿ. ಆದರೆ ಬೋರ್ಡಿನಲ್ಲಿ ನಾಲ್ಕು ತೂತಿದ್ದರೆ ನಾಲ್ಕಕ್ಕೂ ಯಾರೋ ಏನೋ ಚುಚ್ಚೇ ಚುಚ್ಚುತ್ತಾರೆ. ನೀವು ಬೇಡ ಅಂದರೂ ಚುಚ್ಚುತ್ತಾರೆ. ಅದಕ್ಕೇ ನಾನು 0.75ರಲ್ಲಿ ಬೋರ್ಡ್ ಮಾಡುವುದೇ ಇಲ್ಲ.

ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ. ನಮ್ಮೂರ ಪಾನಿಪುರಿ ನೀರು ಗೊತ್ತಲ್ಲ, ನೋಡಿದರೆ ಬರೀ ತಿಳಿನೀರು, ಬಾಯಿಗಿಟ್ಟರೆ ಖಾರ. ವೈರಿನಲ್ಲಿ ಉಲ್ಟಾ. ಹೊರಗೆ ಭರ್ಜರಿ, ಒಳಗೆ ನಾಲ್ಕು ಕೂದಲು! ತುದಿ ಸುಲಿದು ಎಳೆ ಎಣಿಸಿ. ಒಂದೂವರೆಯಲ್ಲಿ ಕಾಲು ಮಿಲಿಮೀಟರಿನ ಎಳೆಯಾದರೆ ಸುಮಾರು 30 ಇರಬೇಕು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ವಾಪಸ್ ಕೊಡಿ. ಅಲ್ಯುಮಿನಿಯಂ ಅಷ್ಟೇ ದಪ್ಪಕ್ಕೆ ತಾಮ್ರಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ, ಸ್ಕ್ರೂ ಕೆಳಗೆ ಸಡಿಲವೂ ಆಗುತ್ತದೆ. ಕೇಬಲ್ಲಿನ ಮೈಮೇಲೇ ಐಎಸ್ಐ ಗುರುತು, ಜೊತೆಗೆ ಪಿವಿಸಿ ವೈರಿನ ಮಾನದಂಡದ ನಂಬರು ಐಎಸ್ 694 ಅಂತ ಅಚ್ಚಾಗಿದೆಯಾ ನೋಡಿ.

ತ್ರೀ ಕೋರಿನಲ್ಲಿ ಮೂರನೇ ವೈರು ಅರ್ಥ್, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು. ಎರಡೆಳೆ ವೈರಿಗೆ ಮೂರು ತೂತಿನ ಸಾಕೆಟ್ ಹಾಕಿದರೆ ಮೇಲಿನ ತೂತು ಸುಮ್ನೆ ಅಲಂಕಾರಕ್ಕೆ. ಫೋಕಸ್ ಲೈಟಿನ ಸ್ಟ್ಯಾಂಡು ಕಬ್ಬಿಣ, ನೆಲ ಒದ್ದೆ, ಹಬ್ಬ ಬರುವುದು ಮಳೆಗಾಲದಲ್ಲಿ. ಯೋಚನೆ ಮಾಡಿ. 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು, ಇರುವ ಲೈನಿನಿಂದಲೇ ಕರೆಂಟು ತೆಗೆದುಕೊಳ್ಳಿ. ಶಾಕ್ ಹೊಡೆದಾಗ ನಿಮ್ಮನ್ನು ಕಾಪಾಡುವುದು ಅದು. ಎಂಸಿಬಿಗೆ ನಿಮ್ಮ ವೈರಿನ ಪರಿಚಯವೂ ಇಲ್ಲ, ನಿಮ್ಮ ಪರಿಚಯವೂ ಇಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ಇನ್ನೂ ಆರು ವಿಷಯ ಬರೆದುಕೊಂಡಿದ್ದೆ. ತಪ್ಪು ಅಜ್ಜಿಯದು. ಬೇಗ ಹೇಳುತ್ತೇನೆ. ಮಧ್ಯೆ ಗಂಟು ಹಾಕಿ ಟೇಪ್ ಸುತ್ತಬೇಡಿ, ಒಂದೇ ತುಂಡು ಇರಲಿ. ಸ್ಕ್ರೂ ಬಿಗಿಯುವ ತೂತಿಗೆ ಹಿಡಿಸುತ್ತಿಲ್ಲ ಅಂತ ಒಳಗಿನ ಸಣ್ಣ ತಾಮ್ರದ ಎಳೆ ಕತ್ತರಿಸಬೇಡಿ. ಪಿನ್ ಟಾಪಿನ, ಅಂದರೆ ಗೋಡೆಗೆ ಚುಚ್ಚುವ ಪ್ಲಗ್ಗಿನ, ಕ್ಲ್ಯಾಂಪು ಹೊರಗಿನ ಹೊದಿಕೆಯನ್ನು ಹಿಡಿದಿರಬೇಕು. ರೀಲಿಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿ. ಉಳಿದದ್ದು ಕೆಳಗೆ ಬಂದು ಕೇಳಿ.

ಈಗ ಆ ಕೆಟಲ್. 1500 ವ್ಯಾಟ್ ಇರಬೇಕು, ಆರೂವರೆ ಆಂಪ್. ಬಾಗಿಲ ಹತ್ತಿರದ ತಮ್ಮಾ, ಸ್ವಿಚ್ ಆಫ್ ಮಾಡು. ಪಿನ್ ಎಳಿ. ಹಾ, ಈಗ ವೈರು ಮುಟ್ಟಿ ನೋಡು. ಏನು, ಬೆಚ್ಚಗಿದೆಯಾ? ಮಂಡಿಗೆ ಹಿತವಾಗುವಷ್ಟಾ? ನಗಬೇಡಿ, ಅವನು ನಿಜ ಹೇಳುತ್ತಿದ್ದಾನೆ. ಆ ಬೋರ್ಡ್ ಪಕ್ಕಕ್ಕಿಡು. ಕೆಟಲ್ಲನ್ನು ಗೋಡೆಯ ಸಾಕೆಟ್ಟಿಗೇ ನೇರ ಹಾಕು. ಟೀಗೆ ನಾವೇ ಅಲ್ಲಿಗೆ ಬರುತ್ತೇವೆ.