ಕ್ಯಾಲೆ 2000: ಕೆಲಸ ಮುಗಿಸಿ ಬಂದವರು ಫೈನಲ್ ಆಡಿದ ಸೀಸನ್

[ದೃಶ್ಯ: ಕಪ್ಪು ಪರದೆ. ತುಂಬಿದ ಕ್ರೀಡಾಂಗಣದ ಗದ್ದಲ ಮಾತ್ರ ಕೇಳಿಸುತ್ತಿದೆ.]

ನಿರೂಪಣೆ:
2000ನೇ ಇಸವಿ, ಮೇ 7. ಪ್ಯಾರಿಸ್ ಪಕ್ಕದ ಸ್ಟಾಡ್ ಡ ಫ್ರಾನ್ಸ್. ಎರಡು ವರ್ಷಗಳ ಹಿಂದೆ ಜಿದಾನ್ ತಲೆಯಿಂದ ಎರಡು ಗೋಲು ಹೊಡೆದು ಫ್ರಾನ್ಸಿಗೆ ವಿಶ್ವಕಪ್ ತಂದುಕೊಟ್ಟ ಅದೇ ಮೈದಾನ. ಇವತ್ತು ಇಲ್ಲಿ ಫ್ರೆಂಚ್ ಕಪ್ ಫೈನಲ್. ಸ್ಕೋರು 1-1. ಗಡಿಯಾರದಲ್ಲಿ 90ನೇ ನಿಮಿಷ. ರೆಫರಿ ಪೆನಾಲ್ಟಿ ಸ್ಥಳದತ್ತ ಕೈ ತೋರಿಸಿದ್ದಾರೆ.

ಚೆಂಡನ್ನು ಸದ್ಯಕ್ಕೆ ಅಲ್ಲೇ ಇಟ್ಟಿರೋಣ. ಒದೆಯಲು ನಿಂತಿರುವುದು ನಾಂಟ್ ತಂಡ. ಕಳೆದ ವರ್ಷದ ಕಪ್ ವಿಜೇತರು, ಸಂಬಳ ಪಡೆದು ಆಡುವ ವೃತ್ತಿಪರರು. ಗೋಲು ಕಾಯುತ್ತಿರುವುದು ಕ್ಯಾಲೆ. ನಾಲ್ಕನೇ ದರ್ಜೆಯ ಲೀಗಿನ ಹವ್ಯಾಸಿ ಕ್ಲಬ್ಬು. ಇದರ ಆಟಗಾರರಲ್ಲಿ ಬಂದರಿನಲ್ಲಿ ದುಡಿಯುವವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಕಚೇರಿಯ ಗುಮಾಸ್ತರಿದ್ದಾರೆ, ತೋಟದ ಕೆಲಸ ಮಾಡುವವರಿದ್ದಾರೆ. ಸಂಜೆ ಕೆಲಸ ಬಿಟ್ಟ ಮೇಲೆ ಅಭ್ಯಾಸಕ್ಕೆ ಬರುವವರು.

ಇವರು ಇಲ್ಲಿಯವರೆಗೆ ಬಂದದ್ದು ಹೇಗೆ? ‘ಪವಾಡ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಆ ಪದ ನನಗೆ ಹಿಡಿಸುವುದಿಲ್ಲ. ಪವಾಡ ಎಂದುಬಿಟ್ಟರೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲವಲ್ಲ.

[ಶೀರ್ಷಿಕೆ ಪರದೆ]

[ದೃಶ್ಯ: ಭೂಪಟ. ಇಂಗ್ಲಿಷ್ ಕಾಲುವೆಯ ಅತಿ ಕಿರಿದಾದ ಭಾಗ. ಒಂದು ದಡದಲ್ಲಿ ಡೋವರ್, ಇನ್ನೊಂದು ದಡದಲ್ಲಿ ಕ್ಯಾಲೆ.]

ನಿರೂಪಣೆ:
ನಮಸ್ಕಾರ. ಮೊದಲು ಊರನ್ನು ನೋಡೋಣ. ಕ್ಯಾಲೆ ಇರುವುದು ಫ್ರಾನ್ಸಿನ ಉತ್ತರದ ತುದಿಯಲ್ಲಿ. ಆಕಾಶ ಶುಭ್ರವಾಗಿದ್ದ ದಿನ ದಡದಲ್ಲಿ ನಿಂತರೆ ಇಂಗ್ಲೆಂಡಿನ ಬಿಳಿ ಬಂಡೆಗಳು ಕಾಣುತ್ತವೆ. ಜನಸಂಖ್ಯೆ ಆಗ ಸುಮಾರು 77 ಸಾವಿರ. ಹಡಗುಗಳು, ಲಾರಿಗಳು, ಲೇಸ್ ನೇಯುವ ಕಾರ್ಖಾನೆಗಳು. ಲೇಸ್ ಉದ್ಯಮ ಆ ಹೊತ್ತಿಗೆ ಇಳಿಮುಖವಾಗಿತ್ತು. 1994ರಲ್ಲಿ ಸಮುದ್ರದಡಿಯ ಸುರಂಗ ತೆರೆದಿತ್ತು. ಪ್ರಯಾಣಿಕರು ಊರಿನಲ್ಲಿ ಇಳಿಯದೆಯೇ ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಿಬಿಡುವಂತಾಗಿತ್ತು.

[ದೃಶ್ಯ: ಪುರಭವನದ ಎದುರಿನ ಕಂಚಿನ ಶಿಲ್ಪ. ಆರು ಜನ, ಕೊರಳಲ್ಲಿ ಹಗ್ಗ.]

ಈ ಊರಿನ ಹೆಸರು ಜಗತ್ತಿಗೆ ಗೊತ್ತಿದ್ದದ್ದು ಹೆಚ್ಚಾಗಿ ಈ ಶಿಲ್ಪದಿಂದ. 1347ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಊರನ್ನು ಹಸಿವಿಗೆ ಕೆಡವಿದ. ಆಗ ಆರು ಮಂದಿ ಪ್ರಮುಖರು ಕೊರಳಿಗೆ ತಾವೇ ಹಗ್ಗ ಹಾಕಿಕೊಂಡು, ಕೋಟೆಯ ಬೀಗದ ಕೈ ಹಿಡಿದು, ಬರಿಗಾಲಲ್ಲಿ ಹೊರಗೆ ನಡೆದರು ಎಂಬುದು ಕಥೆ. ಶಿಲ್ಪಿ ರೋದಾಂ ಈ ಆರು ಮಂದಿಯನ್ನು ವೀರರಂತೆ ಎದೆಯುಬ್ಬಿಸಿ ನಿಲ್ಲಿಸಲಿಲ್ಲ. ಹೆದರಿದ, ದಣಿದ ಮನುಷ್ಯರಂತೆಯೇ ನಿಲ್ಲಿಸಿದ. ಗೆದ್ದವರ ಪ್ರತಿಮೆ ಎಲ್ಲ ಊರುಗಳಲ್ಲೂ ಇರುತ್ತದೆ. ಸೋತು ಹೊರಬಂದವರ ಪ್ರತಿಮೆಯನ್ನು ಪುರಭವನದ ಮುಂದೆ ಇಟ್ಟುಕೊಂಡ ಊರು ಇದು. ಈ ಆರು ಜನ ನೆನಪಿನಲ್ಲಿರಲಿ.

[ದೃಶ್ಯ: ಪಿರಮಿಡ್ ಆಕಾರದ ಚಿತ್ರ. ಕೆಳಗೆ ಸಾವಿರಾರು ಚುಕ್ಕಿಗಳು, ಮೇಲೆ ಎರಡು.]

ನಿರೂಪಣೆ:
ಈಗ ಸ್ಪರ್ಧೆಯ ಲೆಕ್ಕಾಚಾರ. ಫ್ರೆಂಚ್ ಕಪ್ಪಿನಲ್ಲಿ ಆಗ ಸುಮಾರು ಆರು ಸಾವಿರ ಕ್ಲಬ್ಬುಗಳು ಆಡುತ್ತಿದ್ದವು. ಹಳ್ಳಿಯ ತಂಡಕ್ಕೂ ಬಾಗಿಲು ತೆರೆದಿದೆ. ಸೋತರೆ ಮನೆಗೆ, ಗೆದ್ದರೆ ಮುಂದಿನ ಚೀಟಿ. ಎದುರಾಳಿ ಯಾರೆಂದು ತೀರ್ಮಾನಿಸುವುದು ಚೀಟಿಯೇ. ಟೆನಿಸ್ಸಿನಲ್ಲಿ ಇರುವಂತೆ ದೊಡ್ಡವರನ್ನು ದೊಡ್ಡವರಿಂದ ಕೊನೆಯವರೆಗೂ ದೂರ ಇಡುವ ಏರ್ಪಾಡು ಇಲ್ಲಿಲ್ಲ. ಮೊದಲ ದರ್ಜೆಯ ಕ್ಲಬ್ಬುಗಳು ಆ ವರ್ಷ ಜನವರಿಯಲ್ಲಿ, 64 ತಂಡಗಳು ಉಳಿದಾಗ ಒಳಗೆ ಬಂದವು. ಅಷ್ಟು ಹೊತ್ತಿಗೆ ಹವ್ಯಾಸಿ ತಂಡವೊಂದು ಐದಾರು ಪಂದ್ಯ ಆಡಿ ಮೈ ಬಿಸಿ ಮಾಡಿಕೊಂಡಿರುತ್ತದೆ.

ಕ್ಯಾಲೆಯ ಓಟ ಶುರುವಾದದ್ದು ಕಾಂಪಾಞ್ ಲೆ ಎದಾಂ ಎಂಬ ಪುಟ್ಟ ಊರಿನ ತಂಡದ ಮೇಲೆ. ಸ್ಕೋರು 10-0. ಅದನ್ನು ಯಾವ ಪತ್ರಿಕೆಯೂ ಮುಖಪುಟದಲ್ಲಿ ಹಾಕುವುದಿಲ್ಲ. ಆಮೇಲೆ ಸುತ್ತಮುತ್ತಲಿನ ಮೂರು ಕ್ಲಬ್ಬುಗಳ ಮೇಲೆ ಸಣ್ಣ ಅಂತರದ ಗೆಲುವುಗಳು, ಅದಾದ ಮೇಲೆ ನೆರೆಯೂರು ಡಂಕರ್ಕ್ ಮೇಲೆ 4-0. ಇಲ್ಲಿಯವರೆಗೆ ಎಲ್ಲವೂ ಮಾಮೂಲು.

ಜನವರಿಯ ಚೀಟಿಯಲ್ಲಿ ಲಿಲ್ ಬಂತು.

ಆ ವರ್ಷ ಲಿಲ್ ಎರಡನೇ ದರ್ಜೆಯಲ್ಲಿ ಎಲ್ಲರನ್ನೂ ಹೊಡೆದುರುಳಿಸುತ್ತಿದ್ದ ತಂಡ. ಸೀಸನ್ ಮುಗಿದಾಗ ಚಾಂಪಿಯನ್ ಆಗಿ ಮೊದಲ ದರ್ಜೆಗೆ ಏರಿತು. ತರಬೇತುದಾರ ವಾಹಿದ್ ಹಲಿಲ್‌ಹೋಜಿಚ್ ಶಿಸ್ತಿಗೆ ಹೆಸರಾದವರು. ಪಂದ್ಯ 1-1. ಪೆನಾಲ್ಟಿ ಒದೆತಗಳಲ್ಲಿ ಕ್ಯಾಲೆ 7-6. ಮುಂದಿನ ಸುತ್ತಿನಲ್ಲಿ ತಮ್ಮಂತೆಯೇ ಹವ್ಯಾಸಿಗಳಾದ ಲಾಂಗೊನ್ ಕಾಸ್ತೆ ಮೇಲೆ 3-0. ಅದಾದ ಮೇಲೆ ಎರಡನೇ ದರ್ಜೆಯ ಕಾನ್. ಹೌದು, ಸಿನಿಮೋತ್ಸವದ ಕಾನ್. ಮತ್ತೆ 1-1, ಮತ್ತೆ ಪೆನಾಲ್ಟಿ, 4-1.

[ಪರದೆಯ ಮೇಲೆ: 4 × 4 × 4 × 4 = 256]

ಇಲ್ಲಿ ಒಂದು ಸಣ್ಣ ಗಣಿತ. ವೃತ್ತಿಪರ ತಂಡದ ಎದುರು ಹವ್ಯಾಸಿ ತಂಡ ಮುಂದಿನ ಸುತ್ತಿಗೆ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂದು ಇಟ್ಟುಕೊಳ್ಳಿ. ಇದು ನನ್ನ ಅಂದಾಜು, ಯಾರದೋ ಅಧ್ಯಯನವಲ್ಲ. ಅಂಥ ನಾಲ್ಕು ತಂಡಗಳನ್ನು ಸಾಲಾಗಿ ದಾಟುವ ಸಾಧ್ಯತೆ 256ರಲ್ಲಿ ಒಂದು. ತೀರಾ ಕಡಿಮೆ ಅನಿಸುತ್ತದೆ. ಆದರೆ ಪ್ರತಿ ವರ್ಷ ಇಂಥ ಹತ್ತಾರು ತಂಡಗಳು ಈ ಲಾಟರಿ ಕೊಳ್ಳುತ್ತವೆ. ಯಾವುದೋ ಒಂದು ವರ್ಷ, ಯಾವುದೋ ಒಂದು ಊರಿಗೆ ಬಹುಮಾನ ಬರಲೇಬೇಕು. 

ಲೀಗಿನಲ್ಲಿ ಇದು ನಡೆಯುವುದಿಲ್ಲ. ಮೂವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಡ್ರಾ ಮಾಡಿಕೊಳ್ಳುತ್ತಾ ಹೋದರೆ ಪಟ್ಟಿಯ ನಡುವೆ ಎಲ್ಲೋ ಕುಳಿತಿರುತ್ತೀರಿ. ಆಗ ಕಪ್ಪಿನಲ್ಲಿ ಡ್ರಾ ಎಂದರೆ ಅರ್ಧ ಗಂಟೆ ಹೆಚ್ಚುವರಿ ಸಮಯ, ಅದೂ ಸಮವಾದರೆ ಪೆನಾಲ್ಟಿ, ಪೆನಾಲ್ಟಿ ಎಂದರೆ ಹನ್ನೊಂದು ಮೀಟರ್ ದೂರದಿಂದ ಒಬ್ಬನೇ ಒಬ್ಬನ ಎದುರು ನಿಲ್ಲುವುದು. ಅಲ್ಲಿ ಸಂಬಳದ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಕ್ಯಾಲೆಯ ತರಬೇತುದಾರ ಲಡಿಸ್ಲಾಸ್ ಲೊಜಾನೊ ತಂಡದ ಕೆಲಸ ಸರಳ: ತೊಂಬತ್ತು ನಿಮಿಷ ಕುಸಿಯದೆ ಇರುವುದು. ಹೇಳುವುದು ಸುಲಭ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹಾಜರಾಗಬೇಕಾದ ಕಾಲುಗಳಿಗೆ ಅದು ಸುಲಭವಲ್ಲ.

(ಬೆಂಗಳೂರಿನ ವೀಕ್ಷಕರಿಗೆ ಒಂದು ಮಾತು. ಎಚ್‌ಎಎಲ್, ಐಟಿಐ ತಂಡಗಳ ಕಾಲ ಕಂಡವರಿಗೆ ‘ಕೆಲಸವೂ ಫುಟ್‌ಬಾಲೂ’ ಹೊಸದಲ್ಲ. ಆದರೆ ಅಲ್ಲಿ ಫುಟ್‌ಬಾಲಿನಿಂದಲೇ ಕೆಲಸ ಸಿಗುತ್ತಿತ್ತು. ಕ್ಯಾಲೆಯಲ್ಲಿ ಫುಟ್‌ಬಾಲಿಗಾಗಿ ರಜೆ ಕೇಳಬೇಕಿತ್ತು.)

[ದೃಶ್ಯ: ಲಾನ್ಸ್ ನಗರದ ಫೆಲಿಕ್ಸ್ ಬೊಲೇರ್ ಕ್ರೀಡಾಂಗಣ.]

ನಿರೂಪಣೆ:
ಕ್ವಾರ್ಟರ್ ಫೈನಲ್ ಹೊತ್ತಿಗೆ ಒಂದು ತಮಾಷೆಯ ತೊಂದರೆ ಎದುರಾಯಿತು: ಕ್ಯಾಲೆಯ ಮೈದಾನ ಸಾಲದು. ಪಂದ್ಯವನ್ನು ನೂರು ಕಿಲೋಮೀಟರ್ ದೂರದ ಲಾನ್ಸ್‌ಗೆ, ಸುಮಾರು 40 ಸಾವಿರ ಜನ ಹಿಡಿಯುವ ಕ್ರೀಡಾಂಗಣಕ್ಕೆ ಸಾಗಿಸಿದರು. ಲಾನ್ಸ್ ಗಣಿ ಕಾರ್ಮಿಕರ ಊರು. ಉತ್ತರ ಫ್ರಾನ್ಸಿನ ಜನ ಇದನ್ನು ತಮ್ಮ ಮನೆಯ ಮದುವೆ ಎಂಬಂತೆ ತೆಗೆದುಕೊಂಡರು. ಎದುರಾಳಿ ಮೊದಲ ದರ್ಜೆಯ ಸ್ಟ್ರಾಸ್‌ಬರ್ಗ್. ಮೊದಲ ಗೋಲು ಅವರದೇ. ಕ್ಯಾಲೆ ತಿರುಗಿಬಿದ್ದು 2-1. ಈ ಬಾರಿ ಪೆನಾಲ್ಟಿಯ ಹಂಗಿಲ್ಲ.

ಸೆಮಿಫೈನಲ್ ಏಪ್ರಿಲ್ 12ರಂದು, ಅದೇ ಲಾನ್ಸ್‌ನಲ್ಲಿ. ಎದುರಾಳಿ ಬೋರ್ಡೊ, ಅಂದರೆ ಹಾಲಿ ಫ್ರೆಂಚ್ ಚಾಂಪಿಯನ್. ಅದೇ ಸೀಸನ್ನಿನಲ್ಲಿ ಚಾಂಪಿಯನ್ಸ್ ಲೀಗಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಒಂದೇ ಗುಂಪಿನಲ್ಲಿ ಆಡಿದ ತಂಡ.

ಇಡೀ ಸೀಸನ್ನಿನಲ್ಲಿ ನಾನು ಮತ್ತೆ ಮತ್ತೆ ನೋಡಬಯಸುವುದು ಈ ಪಂದ್ಯದ ಕೊನೆಯ ಅರ್ಧ ಗಂಟೆಯನ್ನು. ತೊಂಬತ್ತು ನಿಮಿಷ ಮುಗಿದಾಗ 0-0. ಹೆಚ್ಚುವರಿ ಸಮಯದಲ್ಲಿ ಸೆಡ್ರಿಕ್ ಜಾಂಡೊ ಗೋಲು ಹೊಡೆದ, ಕ್ಯಾಲೆ ಮುಂದೆ. 108ನೇ ನಿಮಿಷದ ಹೊತ್ತಿಗೆ ಬೋರ್ಡೊ ಸಮ ಮಾಡಿತು. ಫುಟ್‌ಬಾಲ್ ನೋಡುವವರಿಗೆ ಮುಂದಿನದು ಗೊತ್ತು. ಹವ್ಯಾಸಿಗಳ ಕಾಲುಗಳಲ್ಲಿ ಶಕ್ತಿ ಮುಗಿದಿರುತ್ತದೆ, ಮನಸ್ಸು ಒಡೆದಿರುತ್ತದೆ, ಇನ್ನೊಂದು ಗೋಲು ಬೀಳುತ್ತದೆ, ಪತ್ರಿಕೆಗಳು ‘ವೀರೋಚಿತ ಸೋಲು’ ಎಂದು ಬರೆಯುತ್ತವೆ.

ಇನ್ನೊಂದು ಗೋಲೇನೋ ಬಿತ್ತು. ಬಿದ್ದದ್ದು ಬೋರ್ಡೊ ಬಲೆಗೆ. ಮ್ಯಾಥ್ಯೂ ಮಿಲಿಯನ್, 2-1. ಆಟ ಮುಗಿಯಲು ಒಂದೆರಡು ನಿಮಿಷ ಇರುವಾಗ ಮಿಕೆಲ್ ಜೆರಾರ್, 3-1. ದೇಶದ ಚಾಂಪಿಯನ್ನರು ಪೆನಾಲ್ಟಿಯಲ್ಲಿ ಸೋಲಲಿಲ್ಲ, ಚೀಟಿಯ ಅದೃಷ್ಟಕ್ಕೆ ಸೋಲಲಿಲ್ಲ, ಆಡಿ ಸೋತರು. ನನ್ನ 256ರ ಲೆಕ್ಕ ಕೈಕೊಡುವುದು ಇಲ್ಲಿಯೇ. ಲಿಲ್, ಕಾನ್ ಪಂದ್ಯಗಳನ್ನು ಅದು ವಿವರಿಸುತ್ತದೆ. ಆ ಕೊನೆಯ ಹದಿನೈದು ನಿಮಿಷಗಳನ್ನು ವಿವರಿಸುವುದಿಲ್ಲ.

[ದೃಶ್ಯ: ಸ್ಟಾಡ್ ಡ ಫ್ರಾನ್ಸ್. ಮೇಲಿನಿಂದ ತೆಗೆದ ಚಿತ್ರ.]

ನಿರೂಪಣೆ:
ಫೈನಲ್ ನೋಡಲು ಬಂದವರು ಸುಮಾರು 78 ಸಾವಿರ. ಕ್ಯಾಲೆಯ ಜನಸಂಖ್ಯೆಯಷ್ಟೇ ಜನ ಒಂದು ಕಟ್ಟಡದೊಳಗೆ. ಕ್ಯಾಲೆಯ ಆಟಗಾರ ಸುರಂಗದಿಂದ ಹೊರಬಂದು ತಲೆ ಎತ್ತಿದರೆ, ತನ್ನ ಊರಿನ ಕೂಸಿನಿಂದ ಮುದುಕರವರೆಗೆ ಎಷ್ಟು ತಲೆಗಳಿವೆಯೋ ಅಷ್ಟು ತಲೆಗಳು ಸುತ್ತಲೂ.

34ನೇ ನಿಮಿಷದಲ್ಲಿ ಜೆರೋಮ್ ದುತಿತ್ರ್ ಗೋಲು ಹೊಡೆದ. ನಾಲ್ಕನೇ ದರ್ಜೆಯ ತಂಡ ಫೈನಲ್ಲಿನಲ್ಲಿ 1-0 ಮುಂದೆ. ಮಧ್ಯಂತರದವರೆಗೂ ಹಾಗೆಯೇ. ವಿರಾಮ ಮುಗಿದು ಐದು ನಿಮಿಷಕ್ಕೆ ನಾಂಟ್‌ನ ಆಂಟ್ವಾನ್ ಸಿಬಿಯೆರ್ಸ್ಕಿ ಸಮ ಮಾಡಿದ. ಅಲ್ಲಿಂದ ಮುಂದೆ ಕ್ಯಾಲೆ ಹಿಂದೆ ಸರಿಯುತ್ತಾ, ಚೆಂಡನ್ನು ಹೊರಗೆ ಒದೆಯುತ್ತಾ, ಹೆಚ್ಚುವರಿ ಸಮಯದ ಹೊಸ್ತಿಲವರೆಗೆ ಬಂತು. ಲಿಲ್, ಕಾನ್, ಬೋರ್ಡೊ ಮೂರನ್ನೂ ಅವರು ದಾಟಿದ್ದು ಆ ಹೊಸ್ತಿಲಿನ ಆಚೆಯಲ್ಲಿ ಎಂಬುದನ್ನು ಮರೆಯಬೇಡಿ.

[ದೃಶ್ಯ: ಮೊದಲ ದೃಶ್ಯದ ಗದ್ದಲ ಮತ್ತೆ.]

ನಾವು ಚೆಂಡು ಬಿಟ್ಟುಬಂದ ಜಾಗ ಇದು. ನಾಂಟ್‌ನ ಅಲೆನ್ ಕವೆಗ್ಲಿಯಾ ಪೆನಾಲ್ಟಿ ಆವರಣದಲ್ಲಿ ಬಿದ್ದ. ಬೀಳಿಸಿದರೋ, ಬಿದ್ದನೋ? ಫ್ರಾನ್ಸಿನಲ್ಲಿ ಇದರ ಜಗಳ ಇನ್ನೂ ಮುಗಿದಿಲ್ಲ. ರೆಫರಿ ಕ್ಲಾಡ್ ಕೊಲಂಬೊ ಶಿಳ್ಳೆ ಊದಿದರು. ವಿಡಿಯೋ ನೋಡಿ ತೀರ್ಪು ಹೇಳುವ ಕಾಲ ಅದಲ್ಲ. ಸಿಬಿಯೆರ್ಸ್ಕಿ ಒದ್ದ, ಗೋಲು. 2-1. ಎರಡು ಬಾರಿ ಪೆನಾಲ್ಟಿಯಿಂದಲೇ ಬದುಕಿದ್ದ ತಂಡ ಪೆನಾಲ್ಟಿಯಿಂದಲೇ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನು ಬಹುಮಾನ ವಿತರಣೆ. ನಾಂಟ್ ನಾಯಕ, ಗೋಲ್‌ಕೀಪರ್ ಮಿಕೆಲ್ ಲಾಂಡ್ರೊಗೆ 21 ತುಂಬಲು ಇನ್ನೂ ಒಂದು ವಾರ ಬಾಕಿ. ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಇದ್ದ ಗಣ್ಯರ ಅಂಕಣಕ್ಕೆ ಹೋದ ಆ ಹುಡುಗ ಒಬ್ಬನೇ ಕಪ್ ಎತ್ತಲಿಲ್ಲ. ಕ್ಯಾಲೆಯ ನಾಯಕ ರೆಜಿನಾಲ್ಡ್ ಬೆಕ್‌ನನ್ನು ಪಕ್ಕಕ್ಕೆ ಕರೆದ. ಕಪ್ಪಿನ ಎರಡು ಬದಿಯಲ್ಲಿ ಎರಡು ಬಣ್ಣದ ತೋಳುಗಳು, ಒಟ್ಟಿಗೆ ಮೇಲೆ. ಹದಿನೆಂಟು ವರ್ಷಗಳ ಬಳಿಕ ಇನ್ನೊಂದು ಸಣ್ಣ ಕ್ಲಬ್ ಲೆ ಜೆರ್ಬಿಯೆ ಫೈನಲ್ಲಿನಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿಗೆ ಸೋತಾಗ, ಗೆದ್ದ ತಂಡದ ನಾಯಕ ಥಿಯಾಗೊ ಸಿಲ್ವಾ ಮಾಡಿದ್ದೂ ಇದನ್ನೇ.

ನಾಂಟ್‌ಗೂ ಅದು ಸುಖದ ಸೀಸನ್ ಆಗಿರಲಿಲ್ಲ. ಲೀಗಿನಲ್ಲಿ ಕೆಳ ದರ್ಜೆಗೆ ಜಾರುವ ಭಯದಲ್ಲಿದ್ದ ಆ ತಂಡ ಬಚಾವಾದದ್ದು ಕೊನೆಯ ಪಂದ್ಯದಲ್ಲಿ. ಮರುವರ್ಷ ಅದೇ ತಂಡ ಫ್ರಾನ್ಸಿನ ಚಾಂಪಿಯನ್!

[ದೃಶ್ಯ: ಖಾಲಿ ಆಸನಗಳ ಸಾಲು.]

ನಿರೂಪಣೆ:
ಕ್ಯಾಲೆಗೆ ಅಂಥ ಮರುವರ್ಷ ಬರಲಿಲ್ಲ. 2006ರಲ್ಲಿ ಮತ್ತೊಮ್ಮೆ ಕಪ್ಪಿನ ಕ್ವಾರ್ಟರ್ ಫೈನಲ್ ತಲುಪಿದರು. ಎದುರಿಗೆ ನಿಂತದ್ದು, ನಂಬಿದರೆ ನಂಬಿ, ನಾಂಟ್. ಮತ್ತೆ ಒಂದು ಗೋಲಿನ ಸೋಲು. 2008ರಲ್ಲಿ ಊರಿಗೆ 12 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಬಂತು. ಮೈದಾನ ಸಾಲದೆ ಲಾನ್ಸ್‌ಗೆ ಹೋಗಬೇಕಾಗಿದ್ದ ಅವಮಾನಕ್ಕೆ ಎಂಟು ವರ್ಷ ತಡವಾಗಿ ಬಂದ ಉತ್ತರ ಅದು. ನನ್ನ ಕಣ್ಣಿಗೆ ಇಲ್ಲೇ ಲೆಕ್ಕ ತಪ್ಪಿತು. ಕಪ್ಪಿನ ಒಂದು ರಾತ್ರಿಗೆ 40 ಸಾವಿರ ಜನ ಬರುತ್ತಾರೆ. ಮಳೆ ಸುರಿಯುವ ಶನಿವಾರ, ಕೆಳ ದರ್ಜೆಯ ಲೀಗ್ ಪಂದ್ಯಕ್ಕೆ ಬರುವವರು ಬೇರೆ. ಬಾಡಿಗೆ, ವಿದ್ಯುತ್ತು, ಪ್ರಯಾಣದ ವೆಚ್ಚ ಎಲ್ಲ ಹುಟ್ಟಬೇಕಾದದ್ದು ಆ ಎರಡನೆಯವರಿಂದ.

ಸಾಲ ಏರಿತು, ದರ್ಜೆ ಇಳಿಯಿತು. 2017ರಲ್ಲಿ ನ್ಯಾಯಾಲಯದ ಆದೇಶದಂತೆ ಕ್ಲಬ್ ಮುಚ್ಚಿತು. ಫೈನಲ್ ಆಡಿ ಹದಿನೇಳು ವರ್ಷವಾಗಿತ್ತು.

[ದೃಶ್ಯ: ಮತ್ತೆ ಪುರಭವನದ ಎದುರಿನ ಆರು ಜನ. ನಂತರ ಕ್ರೀಡಾಂಗಣದ ಹೊರಗೋಡೆ.]

ಕ್ರೀಡಾಂಗಣ ಅಲ್ಲೇ ಇದೆ. 2000ನೇ ಇಸವಿಯ ನೆನಪಿಗಾಗಿ ಊರಿನವರು ಅದಕ್ಕಿಟ್ಟ ಹೆಸರು ಸ್ಟಾಡ್ ಡ ಲೆಪೊಪೆ. ಕನ್ನಡದಲ್ಲಿ ಹೇಳುವುದಾದರೆ, ಮಹಾಕಾವ್ಯದ ಮೈದಾನ. ಪುರಭವನದ ಮುಂದೆ ಸೋತವರ ಪ್ರತಿಮೆ ಇಟ್ಟುಕೊಂಡ ಊರಿನಲ್ಲಿ ಇದು ಎರಡನೆಯದು.

[ಪರದೆ ಕಪ್ಪಾಗುತ್ತದೆ.]