ಗೆಣ್ಣು ಮಣ್ಣಿನೊಳಗಿರಲಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಜಗಲಿಯ ಪಕ್ಕಾಸಿನಿಂದಲೋ ಕಿಟಕಿಯ ಸರಳಿನಿಂದಲೋ ಇಳಿಬಿದ್ದು, ಗಾಳಿ ಬೀಸಿದಾಗ ನೇರಳೆ, ಬೆಳ್ಳಿ, ಗುಲಾಬಿ ಬಣ್ಣಗಳನ್ನು ಮಗುಚಿ ತೋರಿಸುವ ಎಲೆಬಳ್ಳಿಗಳನ್ನು ಒಂದು ತುಂಡಿನಿಂದ ಬೆಳೆಸುವ ಬಗೆಯನ್ನು ತಿಳಿಸಬೇಕೆಂದು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಬಳಿಕ ಬದಿಯಡ್ಕದ ಸಮೀಪ ಮನೆಯಂಗಳದಲ್ಲೇ ಚಿಕ್ಕದೊಂದು ನರ್ಸರಿ ನಡೆಸುತ್ತಿರುವ ನನಗೆ ಇದಕ್ಕಿಂತ ಪ್ರಿಯವಾದ ವಿಷಯ ಬೇರೊಂದಿಲ್ಲ. ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ಅಡುಗೆಮನೆಯ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಕೇಳುತ್ತಿರುವ ಅಕ್ಕತಂಗಿಯರನ್ನೂ, ಕಾಸರಗೋಡು ಪೇಟೆಯ ಫ್ಲಾಟಿನಲ್ಲಿ ಅಂಗಳವಿಲ್ಲದೆ ನಾಲ್ಕಡಿಯ ಬಾಲ್ಕನಿಯಲ್ಲಿ ಹಸಿರನ್ನು ಹುಡುಕುತ್ತಿರುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತೇನೆ.

ನಾನು ಹೇಳಬೇಕಾದದ್ದು ಒಂದೇ ಸಂಗತಿ. ನೀವು ನೆಡುವ ತುಂಡಿನ ಒಂದು ಗೆಣ್ಣಾದರೂ ಮಣ್ಣಿನೊಳಗೆ ಇರಬೇಕು.

ನರ್ಸರಿಗೆ ಬರುವವರು ಯಾವ ಗೊಬ್ಬರ ಹಾಕಬೇಕೆಂದು ಕೇಳುತ್ತಾರೆ, ಬೇರು ಬರಿಸುವ ಪುಡಿ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ, ಕೈಗುಣ ಬೇಕೇ ಎಂದೂ ಕೇಳುತ್ತಾರೆ. ಗೆಣ್ಣು ಎಲ್ಲಿದೆ ಎಂದು ಕೇಳಿದವರು ಬಹಳ ಕಡಿಮೆ. ಈ ಬಳ್ಳಿಗಳಿಗೆ ಪುಡಿಯೂ ಬೇಡ, ಕೈಗುಣವೂ ಬೇಡ. ಎಲೆಯು ಕಾಂಡವನ್ನು ಸೇರುವಲ್ಲಿ ತುಸು ಉಬ್ಬಿಕೊಂಡಿರುವ ಗಂಟೇ ಗೆಣ್ಣು. ಕಬ್ಬಿನಲ್ಲಿ, ಬಿದಿರಿನಲ್ಲಿ ಅದು ಢಾಳಾಗಿ ಕಾಣುತ್ತದೆ. ಎಳೆಯ ಬಳ್ಳಿಯಲ್ಲಿ ಬೆರಳಾಡಿಸಿ ನೋಡಿದರೆ ತಿಳಿಯುತ್ತದೆ. ಬೇರಿನ ಮೊಳಕೆಯೂ ಹೊಸ ಕುಡಿಯ ಮೊಗ್ಗೂ ಇರುವುದು ಅಲ್ಲಿಯೇ. ಬಳ್ಳಿಯ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕವು ಕೆಳಕ್ಕಿಳಿದು, ಕತ್ತರಿಸಿದ ಬುಡದಲ್ಲಿ ಸಂಗ್ರಹವಾಗಿ, ಅಲ್ಲಿರುವ ಗೆಣ್ಣನ್ನು ಬೇರೊಡೆಯುವಂತೆ ಪ್ರೇರೇಪಿಸುತ್ತದೆ. ಎರಡು ಗೆಣ್ಣುಗಳ ನಡುವಿನ ನುಣುಪಾದ ಭಾಗವನ್ನು ಮಾತ್ರ ಮಣ್ಣಿಗೆ ಚುಚ್ಚಿ ಕಾದು ಕುಳಿತರೆ ಸಿಗುವುದು ಕೊಳೆತ ಕಾಂಡ.

ಅಡಿಕೆ ತೋಟವಿರುವ ನಮ್ಮ ನಾಡಿಗೆ ಇದು ಹೊಸ ವಿದ್ಯೆಯೇ ಅಲ್ಲ. ಒಳ್ಳೆಮೆಣಸಿನ ಬುಡದಿಂದ ಹೊರಡುವ ಹಬ್ಬುಬಳ್ಳಿಗಳನ್ನು ನೆಲಕ್ಕೆ ತಾಗಿ ಬೇರು ಬಿಡದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕತ್ತರಿಸಿ, ಎರಡು ಮೂರು ಗೆಣ್ಣುಗಳ ತುಂಡು ಮಾಡಿ ತೊಟ್ಟೆಯಲ್ಲಿ ನೆಡುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಕಣ್ಣೂರು ಜಿಲ್ಲೆಯ ಪನ್ನಿಯೂರಿನ ಸಂಶೋಧನಾ ಕೇಂದ್ರದಿಂದ 1971ರಲ್ಲಿ ಬಂದ ಪನ್ನಿಯೂರು-1 ಎಂಬ ಮಿಶ್ರತಳಿಯ ಮೆಣಸು ಊರೂರಿಗೆ ಹಬ್ಬಿದ್ದು ಬೀಜದಿಂದಲ್ಲ, ಗೆಣ್ಣಿನಿಂದ. ತೋಟದಲ್ಲಿ ಈ ಕೆಲಸವನ್ನು ಕಣ್ಣುಮುಚ್ಚಿ ಮಾಡುವ ಮನೆಯವರೇ ಜಗಲಿಯ ಚಟ್ಟಿಗೆ ಬಂದಾಗ ಅದನ್ನು ಮರೆಯುವುದನ್ನು ಕಂಡು ನನಗೆ ಬೇಸರವಾಗುತ್ತದೆ.

ಇಲ್ಲಿ ಒಂದು ಅನುಭವವನ್ನು ಹೇಳಲೇಬೇಕು. 1987ರ ನವೆಂಬರ್ ತಿಂಗಳು. ನಾನು ಆಗಷ್ಟೇ ಕೆಲಸಕ್ಕೆ ಸೇರಿ ಪೆರ್ಲದ ಹತ್ತಿರ ಬಾಡಿಗೆ ಮನೆಯಲ್ಲಿದ್ದೆ. ಪುತ್ತೂರಿನಲ್ಲಿದ್ದ ನನ್ನ ಅಕ್ಕನ ಮನೆಯ ಜಗಲಿಯಲ್ಲಿ ಪಟ್ಟೆ ಎಲೆಯ ಟ್ರೇಡೆಸ್ಕಾಂಷಿಯಾ ಬಳ್ಳಿಯೊಂದು ತೂಗುತ್ತಿತ್ತು. ಇಂಗ್ಲೆಂಡಿನ ಅರಸ ಒಂದನೆಯ ಚಾರ್ಲ್ಸನ ತೋಟಗಳನ್ನು ನೋಡಿಕೊಂಡಿದ್ದ ಟ್ರೇಡೆಸ್ಕಂಟ್ ತಂದೆ ಮಗನ ನೆನಪಿಗಾಗಿ ಇಟ್ಟ ಹೆಸರದು. ಈ ಪಟ್ಟೆಬಳ್ಳಿಯ ತವರು ಮಾತ್ರ ಮೆಕ್ಸಿಕೋ ಮತ್ತು ಅದರ ದಕ್ಷಿಣದ ದೇಶಗಳು. ಎಲೆಯ ಮೇಲ್ಮೈಯಲ್ಲಿ ಬೆಳ್ಳಿಯ ಎರಡು ಪಟ್ಟೆಗಳು, ಅಡಿಯಲ್ಲಿ ಕಳಿತ ನೇರಳೆ ಹಣ್ಣಿನ ಬಣ್ಣ. ಆಸೆಪಟ್ಟದ್ದನ್ನು ಕಂಡು ಅಕ್ಕ ಅದರಿಂದಲೇ ಬೆಳೆಸಿದ್ದ ಇನ್ನೊಂದು ಚಟ್ಟಿಯನ್ನು ಇಳಿಸಿ ಕೊಟ್ಟಳು. ಅದನ್ನು ಮಡಿಲಿನಲ್ಲಿಟ್ಟುಕೊಂಡು ವಿಟ್ಲದ ಮೇಲಾಗಿ ಪೆರ್ಲಕ್ಕೆ ಹೋಗುವ ಸಂಜೆಯ ಬಸ್ಸನ್ನು ಹತ್ತಿದೆ.

ವಿಟ್ಲದಲ್ಲಿ ಬಸ್ಸು ತುಂಬಿತು. ಅಡಿಕೆಯ ಗೋಣಿಯೊಂದನ್ನು ಯಾರೋ ನನ್ನ ಆಸನದ ಪಕ್ಕದಲ್ಲಿ ನಿಲ್ಲಿಸಿದರು. ಮುಂದಿನ ತಿರುವಿನಲ್ಲಿ ಅದು ಮಗುಚಿ ನೇರವಾಗಿ ನನ್ನ ಮಡಿಲಿಗೇ ಬಿದ್ದಿತು. ಮಣ್ಣಿನ ಚಟ್ಟಿ ಎರಡು ಹೋಳಾಯಿತು, ಬಳ್ಳಿಯು ಗೋಣಿಯ ಅಡಿಯಲ್ಲಿ ಅಪ್ಪಚ್ಚಿಯಾಯಿತು. ಕಣ್ಣೀರು ತಡೆಯಲಾರದೆ ತುಂಡುಗಳನ್ನು ಸೆರಗಿನಲ್ಲಿ ಆಯ್ದುಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಒಂದು ತುಂಡನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದರು. ಅವರು ಮನೆಯ ವೀಳ್ಯದೆಲೆಯನ್ನು ವಿಟ್ಲದಲ್ಲಿ ಮಾರಿ ಮರಳುತ್ತಿದ್ದವರು. ಬಳ್ಳಿ ಹೋದರೆ ಹೋಗಲಿ ಮಗಾ, ಗೆಣ್ಣು ಉಂಟಲ್ಲ ಎಂದು ತುಳುವಿನಲ್ಲಿ ಹೇಳಿದರು. ಅನಂತರ ವೀಳ್ಯದೆಲೆಯನ್ನು ಸುತ್ತಿ ತಂದಿದ್ದ ಒದ್ದೆ ಬಾಳೆಲೆಯಲ್ಲಿ ನನ್ನ ತುಂಡುಗಳನ್ನೆಲ್ಲ ಮಡಚಿ, ಬಾಳೆಯ ನಾರಿನಿಂದ ಕಟ್ಟಿ ಕೈಯಲ್ಲಿಟ್ಟು, ಅಡ್ಯನಡ್ಕದಲ್ಲಿ ಇಳಿದು ಹೋದರು.

ಮನೆ ತಲುಪಿದಾಗ ಕತ್ತಲಾಗಿತ್ತು. ಚಿಮಿಣಿ ದೀಪ ಹಚ್ಚಿ ಎಣಿಸಿದೆ, ಹದಿನಾಲ್ಕು ತುಂಡುಗಳಿದ್ದವು. ತೆಂಗಿನ ಗೆರಟೆಗಳಿಗೆ ಅಡಿಯಲ್ಲಿ ತೂತು ಕೊರೆದು, ಹೊಯ್ಗೆ ಮತ್ತು ಮಣ್ಣು ತುಂಬಿ, ಆತುರದಲ್ಲಿ ಎಲ್ಲವನ್ನೂ ನೆಟ್ಟೆ. ಬೆಳಗ್ಗೆ ನೋಡಿದಾಗ ಒಂಬತ್ತು ತುಂಡುಗಳ ಗೆಣ್ಣು ಮಣ್ಣಿನೊಳಗಿತ್ತು. ಉಳಿದ ಐದರಲ್ಲಿ ನುಣುಪು ಕಾಂಡ ಮಾತ್ರ ಒಳಗಿದ್ದು, ಗೆಣ್ಣು ಒಂದಂಗುಲ ಮೇಲೆಯೇ ನಿಂತಿತ್ತು. ಏನಾಗುತ್ತದೆಂದು ನೋಡೋಣ ಎಂದು ಹಾಗೆಯೇ ಬಿಟ್ಟೆ. ಎಂಟನೆಯ ದಿನ ಒಂದೊಂದನ್ನೂ ಎರಡು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದರೆ ಒಂಬತ್ತೂ ಮಣ್ಣನ್ನು ಕಚ್ಚಿ ಹಿಡಿದಿದ್ದವು. ಆ ಐದೂ ಮೇಲ್ನೋಟಕ್ಕೆ ಅಷ್ಟೇ ಹಸಿರಾಗಿದ್ದು, ಎಳೆದೊಡನೆ ಕೈಗೆ ಬಂದವು. ಬುಡ ಕಂದಿ ಮೆತ್ತಗಾಗಿತ್ತು. ಕೊಳೆತ ಭಾಗವನ್ನು ಗೆಣ್ಣಿನ ಕೆಳಗೆ ಕತ್ತರಿಸಿ ತೆಗೆದು, ಈ ಬಾರಿ ಗೆಣ್ಣನ್ನು ಒಳಗಿಟ್ಟು ನೆಟ್ಟೆ. ಆ ಐದೂ ಬದುಕಿದವು. ಅದೇ ಮಣ್ಣು, ಅದೇ ನೀರು, ಅದೇ ಕೈ! ಬದಲಾದದ್ದು ಗೆಣ್ಣಿನ ಜಾಗ ಮಾತ್ರ. ಪರೀಕ್ಷೆಗೆ ಬರೆದು ಅಂಕ ಪಡೆದಿದ್ದ ಪಾಠವನ್ನು ನಾನು ನಿಜವಾಗಿ ಕಲಿತದ್ದು ಆ ಬೆಳಗ್ಗೆ. ಎರಡು ವರ್ಷ ಕಳೆದ ಮೇಲೆ ಅಕ್ಕನ ಮನೆಯಲ್ಲಿ ಉಳಿದಿದ್ದ ತಾಯಿಬಳ್ಳಿ ಬುಡದಲ್ಲಿ ಬೋಳಾಗಿ ಸತ್ತುಹೋದಾಗ, ಅದೇ ಬಳ್ಳಿಯ ಗೆರಟೆಯೊಂದನ್ನು ನಾನು ಪುತ್ತೂರಿಗೆ ಒಯ್ದು ಕೊಟ್ಟೆ. ಈ ಜಾತಿಯ ಬಳ್ಳಿಗಳು ವರ್ಷ ಕಳೆದಂತೆ ಬುಡದಲ್ಲಿ ಎಲೆ ಉದುರಿಸಿ ಸೊರಗುತ್ತವೆ; ಆಗಾಗ ತುದಿಗಳನ್ನು ಕತ್ತರಿಸಿ ಅದೇ ಚಟ್ಟಿಗೆ ಮರಳಿ ನೆಡುತ್ತಿದ್ದರೆ ಮಾತ್ರ ತುಂಬಿಕೊಂಡಿರುತ್ತವೆ.

ಬಸ್ಸಿನ ಕಥೆಗೇ ಹೆಚ್ಚು ಸಮಯ ಹೋಯಿತು, ಆದ್ದರಿಂದ ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮನಿ ಪ್ಲಾಂಟ್‌ನ ಎಲೆಯೊಂದನ್ನು ತೊಟ್ಟಿನೊಂದಿಗೆ ಕಿತ್ತು ಬಾಟಲಿಯ ನೀರಿನಲ್ಲಿಟ್ಟು, ಬೇರು ಬಂದಿದೆ, ಆದರೆ ಬಳ್ಳಿ ಏಕೆ ಬರುತ್ತಿಲ್ಲ ಎಂದು ಕೇಳುವವರು ಅನೇಕರು. ಆ ಎಲೆಗೆ ಗೆಣ್ಣಿಲ್ಲ, ಗೆಣ್ಣಿಲ್ಲದಲ್ಲಿ ಮೊಗ್ಗಿಲ್ಲ, ಎಷ್ಟು ಕಾಲ ಕಾದರೂ ಕುಡಿಯೊಡೆಯದು. ಕಾಂಡವನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ಇಟ್ಟು, ಎರಡು ಮೂರು ದಿನಗಳಿಗೊಮ್ಮೆ ನೀರು ಬದಲಿಸಿರಿ. ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ. ಮನೆಗಳಲ್ಲಿ ಬೆಳೆಸಿದ ಮನಿ ಪ್ಲಾಂಟ್ ಹೂ ಬಿಡುವುದು ಅತಿ ಅಪರೂಪ, ಏಕೆಂದರೆ ಹೂವಿಗೆ ಬೇಕಾದ ಜಿಬ್ಬರೆಲಿನ್ ಚೋದಕವನ್ನು ಅದು ಸಾಕಷ್ಟು ತಯಾರಿಸಲಾರದು. ಶಾಂತಸಾಗರದ ಮೊಓರೆಯಾ ದ್ವೀಪದ ಆ ಬಳ್ಳಿ ನಿಮ್ಮ ಬಾಲ್ಕನಿಯವರೆಗೆ ಬಂದದ್ದು ಗೆಣ್ಣಿನಿಂದ ಗೆಣ್ಣಿಗೆ ದಾಟುತ್ತ.

ತುಂಡು ನಾಲ್ಕು ಬೆರಳುದ್ದವಿದ್ದರೆ ಸಾಕು. ಹರಿತವಾದ ಕತ್ತಿಯಿಂದ ಗೆಣ್ಣಿನ ತುಸು ಕೆಳಗೆ ಕತ್ತರಿಸಿ, ಮಣ್ಣಿನೊಳಗೆ ಹೋಗುವ ಎಲೆಯನ್ನು ಕಿತ್ತುಬಿಡಿ. ಒಂದು ಚಟ್ಟಿಗೆ ಒಂದೇ ತುಂಡು ನೆಟ್ಟು ತುಂಬಲಿಲ್ಲವೆಂದು ಕೊರಗಬೇಡಿ. ಆರೋ ಎಂಟೋ ತುಂಡುಗಳನ್ನು ಒಟ್ಟಿಗೆ ನೆಡಿ. ಬೇರು ಹಿಡಿದ ಮೇಲೆ ಕುಡಿ ಚಿವುಟಿರಿ, ಪಕ್ಕದ ಮೊಗ್ಗುಗಳು ಎದ್ದು ಕವಲಾಗುತ್ತವೆ. ಮಣ್ಣಿಗೆ ಹೊಯ್ಗೆಯನ್ನೂ ತೆಂಗಿನ ನಾರಿನ ಪುಡಿಯನ್ನೂ ಸಮನಾಗಿ ಬೆರೆಸಿ. ನಾರಿನ ಪುಡಿ ಹೊಸತಾದರೆ ಅದರ ಉಪ್ಪು, ಒಗರು ಹೋಗುವಂತೆ ಎರಡು ಮೂರು ಬಾರಿ ತೊಳೆದು ಹಿಂಡಬೇಕು. ಸೆಗಣಿ ಗೊಬ್ಬರ ಬೇರು ಬಂದ ಮೇಲೆ ಸಾಕು. ನೀರನ್ನು ಮೇಲ್ಮಣ್ಣು ಒಣಗಿದ ಬಳಿಕವೇ ಕೊಡಿ.

ಬಣ್ಣವು ಬೆಳಕಿನ ಮಾತು. ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಒಳ್ಳೆಯ ಬೆಳಕಿದ್ದರೆ ಮಾತ್ರ ತುಂಬಿ ಬರುತ್ತದೆ. ಪೂರ್ತಿ ನೇರಳೆಯ ಟ್ರೇಡೆಸ್ಕಾಂಷಿಯಾವನ್ನು ಕತ್ತಲೆ ಮೂಲೆಯಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಹಸಿರಿಗೆ ತಿರುಗುತ್ತದೆ. ಬೆಳಗಿನ ಬಿಸಿಲು ಬೀಳುವ ಮೂಡುದಿಕ್ಕಿನ ಜಗಲಿಯೇ ಇವಕ್ಕೆಲ್ಲ ಒಳ್ಳೆಯ ಜಾಗ. ಗುಲಾಬಿ, ಬಿಳಿ ಮಿಶ್ರಿತ ಎಲೆಯ ಜಾತಿಗಳಲ್ಲಿ ಅಚ್ಚಹಸಿರು ಕುಡಿ ಬಂದರೆ ಆಗಲೇ ಚಿವುಟಿ ತೆಗೆಯಿರಿ, ಇಲ್ಲವಾದರೆ ಅದು ಉಳಿದೆಲ್ಲವನ್ನೂ ಮೀರಿ ಬೆಳೆಯುತ್ತದೆ. ಹಣ ಕೊಟ್ಟು ತರಲು ಮನಸ್ಸಿಲ್ಲದವರು ನೆರೆಮನೆಯ ಬೇಲಿಯ ಬದಿಯನ್ನು ನೋಡಿ. ಗಾಯಕ್ಕೆ ಅರೆದು ಹಚ್ಚುತ್ತಾರೆಂದು ಮಲಯಾಳದಲ್ಲಿ ಮುರಿಕೂಟಿ ಎನ್ನುವ, ಮೇಲೆ ಬೂದು ಬೆಳ್ಳಿ, ಅಡಿಯಲ್ಲಿ ನೇರಳೆ ಬಣ್ಣವಿರುವ ಗಿಡ ನಮ್ಮ ಕಡೆಯ ಹಿತ್ತಲುಗಳಲ್ಲಿ ಉಂಟು. ತೂಗುವ ಚಟ್ಟಿಯಲ್ಲಿ ಅದರ ಅಂದವೇ ಬೇರೆ, ಅದೂ ಗೆಣ್ಣಿನಿಂದಲೇ ಬರುತ್ತದೆ.

ಜೂನ್ ತಿಂಗಳ ಗಾಳಿಮಳೆಯಲ್ಲಿ ಎಳೆಯ ತುಂಡುಗಳನ್ನು ಮಾಡಿನ ನೀರು ಬೀಳುವಲ್ಲಿ ಇಡಬೇಡಿ. ಒಳಗೆ ಸರಿಸಿಟ್ಟರೆ ಆ ತೇವದ ಗಾಳಿಯಲ್ಲೇ ಬೇರು ಬೇಗ ಬರುತ್ತದೆ. ಟ್ರೇಡೆಸ್ಕಾಂಷಿಯಾದ ರಸ ಕೆಲವರಿಗೆ ತುರಿಕೆ ತರುತ್ತದೆ, ಮನಿ ಪ್ಲಾಂಟ್‌ನ ಎಲೆ ಜಗಿದರೆ ಬಾಯಿ ಉರಿಯುತ್ತದೆ. ಮಕ್ಕಳ, ಸಾಕುಪ್ರಾಣಿಗಳ ಬಾಯಿಗೆ ಸಿಗದಷ್ಟು ಎತ್ತರದಲ್ಲಿ ತೂಗುಹಾಕಿ.

ಕೊನೆಯದಾಗಿ, ಕತ್ತರಿಸಿ ಉಳಿದ ತುಂಡುಗಳನ್ನು ತೋಡಿಗೋ ತೋಟದ ಕಣಿಗೋ ಎಸೆಯಬೇಡಿ. ನ್ಯೂಜಿಲೆಂಡಿನಲ್ಲಿ ಬಿಳಿ ಹೂವಿನ ಟ್ರೇಡೆಸ್ಕಾಂಷಿಯಾವು ಬೀಜವನ್ನೇ ಕಟ್ಟದೆ, ಮುರಿದ ತುಂಡುಗಳಿಂದಲೇ ಹಬ್ಬಿ ಕಾಡಿನ ನೆಲವನ್ನು ಚಾಪೆಯಂತೆ ಮುಚ್ಚಿದೆ, ಅದರಡಿಯಲ್ಲಿ ಕಾಡಿನ ಸಸಿಗಳು ಏಳುತ್ತಿಲ್ಲ. ನಮ್ಮ ರಸ್ತೆಬದಿಗಳಲ್ಲಿ ಹಳದಿ ಹೂವಿನ ವೆಡೀಲಿಯಾ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹಬ್ಬುತ್ತಿರುವುದನ್ನು ನೀವೇ ನೋಡುತ್ತಿದ್ದೀರಿ. ಬೇಡವಾದ ತುಂಡುಗಳನ್ನು ಮುರಕಲ್ಲಿನ ಮೇಲೆ ಬಿಸಿಲಿಗೆ ಹರಡಿ, ಗೆಣ್ಣು ಬೆರಳಿನಲ್ಲಿ ಪುಡಿಯಾಗುವಷ್ಟು ಒಣಗಿದ ಬಳಿಕವೇ ಗೊಬ್ಬರದ ಗುಂಡಿಗೆ ಹಾಕಿರಿ. ಮಳೆಗಾಲದಲ್ಲಾದರೆ ಬಚ್ಚಲ ಒಲೆಯ ದಂಡೆಯ ಮೇಲೆ ಒಣಗಿಸಿ ಒಲೆಗೇ ಹಾಕಿಬಿಡಿ.

ನಮಸ್ಕಾರ.